ಯುದ್ಧ ಮುಗಿದರೂ ಮುಗಿಯದ ಶಿಕ್ಷೆ: ಜರ್ಮನಿಯ 175ನೇ ಕಲಂ

ಎರಡನೆಯ ಮಹಾಯುದ್ಧದಲ್ಲಿ ಗೆದ್ದ ಮಿತ್ರರಾಷ್ಟ್ರಗಳು ಜರ್ಮನಿಯಲ್ಲಿ ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ಒಂದು, ನಾಜಿ ಕಾನೂನುಗಳನ್ನು ಹುಡುಕಿ ಹುಡುಕಿ ರದ್ದು ಮಾಡುವುದು. 1945ರ ಸೆಪ್ಟೆಂಬರಿನಲ್ಲಿ ಹೊರಟ ಮೊದಲ ಆದೇಶದಲ್ಲೇ ಯಹೂದಿಗಳ ವಿರುದ್ಧದ ನ್ಯೂರೆಂಬರ್ಗ್ ಕಾನೂನುಗಳು ಹೋದವು. ದಂಡ ಸಂಹಿತೆಯ 175ನೇ ಕಲಂ ಮಾತ್ರ ಉಳಿದುಕೊಂಡಿತು. ಗಂಡಸರ ನಡುವಿನ ಲೈಂಗಿಕ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಈ ಕಲಮನ್ನು 1935ರಲ್ಲಿ ಹಿಟ್ಲರನ ಸರ್ಕಾರ ಬಿಗಿಗೊಳಿಸಿತ್ತು. ಅದೇ ಬಿಗಿ ರೂಪದಲ್ಲಿ, ಒಂದಕ್ಷರವೂ ಬದಲಾಗದೆ, ಅದು ಪಶ್ಚಿಮ ಜರ್ಮನಿಯಲ್ಲಿ 1969ರವರೆಗೆ ಜಾರಿಯಲ್ಲಿತ್ತು. ಪೂರ್ತಿ ಅಳಿಸಿಹೋದದ್ದು 1994ರಲ್ಲಿ. ಬರ್ಲಿನ್ನಿನಲ್ಲಿ ಪ್ರತಿ ಬೇಸಿಗೆಯಲ್ಲಿ ನಡೆಯುವ ಕಾಮನಬಿಲ್ಲಿನ ಬಾವುಟಗಳ ಮೆರವಣಿಗೆಯನ್ನು ಕಂಡವರಿಗೆ ಈ ಇಸವಿಗಳು ಮುದ್ರಣದೋಷದಂತೆ ತೋರಿದರೆ ಆಶ್ಚರ್ಯವಿಲ್ಲ.

ಕಲಂ ಉಳಿದದ್ದಕ್ಕೆ ಕಾರಣ ಸರಳ, ಹಾಗೆಯೇ ಕಹಿ. ಅದು ನಾಜಿಗಳು ಹುಟ್ಟಿಸಿದ ಕಾನೂನಾಗಿರಲಿಲ್ಲ. ಬಿಸ್ಮಾರ್ಕ್ ಕಾಲದಲ್ಲಿ, 1871ರ ದಂಡ ಸಂಹಿತೆಯಲ್ಲೇ ಅದು ಇತ್ತು. ಅದರ ವಿರುದ್ಧದ ಹೋರಾಟವೂ ಅಷ್ಟೇ ಹಳೆಯದು. ವೈದ್ಯ ಮಾಗ್ನುಸ್ ಹಿರ್ಷ್‌ಫೆಲ್ಡ್ 1897ರಲ್ಲಿ ಬರ್ಲಿನ್ನಿನಲ್ಲಿ ಒಂದು ಸಮಿತಿ ಕಟ್ಟಿ ಕಲಂ ತೆಗೆಯಿರಿ ಎಂದು ಸಹಿ ಸಂಗ್ರಹಿಸಿದರು. ಸಹಿ ಹಾಕಿದವರಲ್ಲಿ ಐನ್‌ಸ್ಟೈನ್ ಕೂಡ ಇದ್ದರು. 1919ರಲ್ಲಿ ಹಿರ್ಷ್‌ಫೆಲ್ಡ್ ಲೈಂಗಿಕ ವಿಜ್ಞಾನಕ್ಕೆಂದೇ ಒಂದು ಸಂಸ್ಥೆ ತೆರೆದರು. 1929ರಲ್ಲಿ ಸಂಸತ್ತಿನ ಸಮಿತಿಯೊಂದು 15-13 ಮತಗಳಿಂದ ಕಲಂ ರದ್ದತಿಗೆ ಒಪ್ಪಿಗೆಯನ್ನೂ ಕೊಟ್ಟಿತು. ಆಮೇಲೆ ಆರ್ಥಿಕ ಕುಸಿತ, ಆಮೇಲೆ ಹಿಟ್ಲರ್. 1933ರ ಮೇ ತಿಂಗಳಲ್ಲಿ ಸಂಸ್ಥೆಯನ್ನು ದೋಚಿದರು, ಮೇ 10ರಂದು ಅದರ ಗ್ರಂಥಾಲಯದ ಪುಸ್ತಕಗಳನ್ನು ಒಪೆರಾ ಚೌಕದಲ್ಲಿ ಸುಟ್ಟರು. ಹೊರದೇಶದಲ್ಲಿದ್ದ ಹಿರ್ಷ್‌ಫೆಲ್ಡ್ ತಾಯ್ನಾಡಿಗೆ ಮರಳಲಿಲ್ಲ; 1935ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ತೀರಿಕೊಂಡರು.

1935ರ ತಿದ್ದುಪಡಿ ಏನು ಮಾಡಿತು ಎಂಬುದನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಅದಕ್ಕೂ ಮೊದಲು ನ್ಯಾಯಾಲಯಗಳು ಸಂಭೋಗವನ್ನು ಹೋಲುವ ಕ್ರಿಯೆ ನಡೆದಿದೆಯೆಂದು ಸಾಬೀತು ಕೇಳುತ್ತಿದ್ದವು. ಅದು ಸುಲಭದ ಮಾತಲ್ಲ, ಹಾಗಾಗಿ ಎಷ್ಟೋ ಮೊಕದ್ದಮೆಗಳು ಬಿದ್ದುಹೋಗುತ್ತಿದ್ದವು. ತಿದ್ದುಪಡಿಯ ನಂತರ ಕಾಮದ ಉದ್ದೇಶವಿದೆ ಎನಿಸಿದರೆ ಸಾಕು, ಮೈಗೆ ಮೈ ಸೋಕಿರಬೇಕೆಂದೂ ಇರಲಿಲ್ಲ. ಜೊತೆಗೆ 175-ಎ ಎಂಬ ಹೊಸ ಕಲಂ ಬಂತು. ಅದರಡಿ ಹತ್ತು ವರ್ಷದ ಕಠಿಣ ಶಿಕ್ಷೆಗೆ ಅವಕಾಶವಿತ್ತು. ನಾಜಿ ಕಾಲದಲ್ಲಿ ಸುಮಾರು 50,000 ಗಂಡಸರಿಗೆ ಶಿಕ್ಷೆಯಾಯಿತು. 5,000ದಿಂದ 15,000 ಮಂದಿ ಯಾತನಾ ಶಿಬಿರಗಳಿಗೆ ಹೋದರು. ಸಲಿಂಗಿ ಕೈದಿಯ ಗುರುತಾದ ಗುಲಾಬಿ ತ್ರಿಕೋನವನ್ನು ಎದೆಯ ಮೇಲೆ ಹೊಲಿಸಿಕೊಂಡ ಅವರಲ್ಲಿ ಬಹುಪಾಲು ಜನ ಹಿಂತಿರುಗಲಿಲ್ಲ.

ಹಿಂತಿರುಗಿದವರ ಗತಿ ಏನಾಯಿತು? ಕಾರ್ಲ್ ಗೋರಾತ್ ಎಂಬುವರ ಕಥೆಯನ್ನು 2023ರಲ್ಲಿ ಜರ್ಮನ್ ಸಂಸತ್ತಿನಲ್ಲೇ ನೆನೆಯಲಾಯಿತು. ಅಸೂಯೆಗೊಂಡ ಪ್ರಿಯಕರನೊಬ್ಬ ಪೊಲೀಸರಿಗೆ ಹೇಳಿಕೊಟ್ಟಿದ್ದರಿಂದ 1939ರಲ್ಲಿ ಗೋರಾತ್ ಸಿಕ್ಕಿಬಿದ್ದರು. ನೊಯೆನ್‌ಗಾಮೆ ಶಿಬಿರದ ಆಸ್ಪತ್ರೆಯಲ್ಲಿ ಶುಶ್ರೂಷಕನ ಕೆಲಸಕ್ಕೆ ಹಚ್ಚಿದಾಗ, ಪೋಲೆಂಡಿನ ಯುದ್ಧಕೈದಿಗಳ ರೊಟ್ಟಿಯ ಪಾಲು ಕಡಿತ ಮಾಡು ಎಂಬ ಕಾವಲುಗಾರನ ಆಜ್ಞೆಯನ್ನು ಪಾಲಿಸಲಿಲ್ಲ. ಆ ತಪ್ಪಿಗೆ ಆಶ್‌ವಿಟ್ಜ್. ಅಲ್ಲಿಂದಲೂ ಜೀವಂತವಾಗಿ ಬಂದ ಮನುಷ್ಯನನ್ನು ಯುದ್ಧ ಮುಗಿದು ಎರಡು ವರ್ಷವಾಗುವಷ್ಟರಲ್ಲಿ ಅದೇ ಕಲಮಿನಡಿ ಮತ್ತೆ ಕಟಕಟೆಗೆ ತಂದು ನಿಲ್ಲಿಸಿದರು. ಶಿಕ್ಷೆ ಕೊಟ್ಟವರು ಹಿಂದೆ ಶಿಕ್ಷೆ ಕೊಟ್ಟಿದ್ದ ಅದೇ ನ್ಯಾಯಾಧೀಶರು.

ಇದನ್ನು ಒಬ್ಬ ನ್ಯಾಯಾಧೀಶರ ಕ್ರೌರ್ಯ ಎಂದು ಬದಿಗಿಡುವಂತಿಲ್ಲ. ಪಶ್ಚಿಮ ಜರ್ಮನಿಯ ನ್ಯಾಯಾಂಗ, ಪೊಲೀಸ್ ಇಲಾಖೆಗಳಲ್ಲಿ ಹಳೆಯ ಸಿಬ್ಬಂದಿಯೇ ತುಂಬಿದ್ದರು. ಅವರ ಕೈಯಲ್ಲಿ ಹಳೆಯ ಕಡತಗಳಿದ್ದವು, ಸಲಿಂಗಿಗಳ ಹೆಸರಿನ ಪಟ್ಟಿಗಳಿದ್ದವು. ನಾಜಿ ದೌರ್ಜನ್ಯಕ್ಕೆ ಪರಿಹಾರ ಕೊಡಲು 1950ರ ದಶಕದಲ್ಲಿ ಬಂದ ಕಾನೂನಿನಲ್ಲಿ ಸಲಿಂಗಿಗಳಿಗೆ ಜಾಗವಿರಲಿಲ್ಲ, ಏಕೆಂದರೆ ಸರ್ಕಾರದ ಲೆಕ್ಕದಲ್ಲಿ ಅವರು ಬಲಿಪಶುಗಳಲ್ಲ, ಸಾಮಾನ್ಯ ಅಪರಾಧಿಗಳು. ಬ್ರಿಟನ್ ಮತ್ತು ಅಮೆರಿಕಗಳಲ್ಲೂ ಆಗ ಇಂಥ ಕಾನೂನುಗಳೇ ಇದ್ದುದರಿಂದ ಮಿತ್ರರಾಷ್ಟ್ರಗಳಿಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

1950-51ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ನಡೆದದ್ದು ಇದರ ಅತಿ ಕೆಟ್ಟ ಉದಾಹರಣೆ. ಲೈಂಗಿಕ ವೃತ್ತಿಯಲ್ಲಿದ್ದ ಒಬ್ಬ ಹದಿಹರೆಯದ ಹುಡುಗ ಪೊಲೀಸರ ವಶವಾದ. ಅವನಿಂದ ಗಿರಾಕಿಗಳ ಹೆಸರು ಹೊರಡಿಸಿ, ಆ ಗಿರಾಕಿಗಳಿಂದ ಅವರ ಪರಿಚಿತರ ಹೆಸರು ಹೊರಡಿಸಿ, ಸರಪಳಿ ಎಳೆಯುತ್ತಾ ಹೋದರು. ಸುಮಾರು 200 ಜನರ ಮೇಲೆ ತನಿಖೆ, ನೂರರಷ್ಟು ಬಂಧನ. ನೌಕರಿ, ಮನೆ, ಮಾನ ಹೋದವರು ಎಷ್ಟೋ. ಹಲವರು ಜೀವ ಕಳೆದುಕೊಂಡರು. ಅವರಲ್ಲಿ ಹತ್ತೊಂಬತ್ತರ ಹರೆಯದವನೊಬ್ಬನೂ ಇದ್ದ. ವಿಚಾರಣೆ ನಡೆಸಿದ ನ್ಯಾಯಾಧೀಶರು ನಾಜಿ ಕಾಲದಲ್ಲಿ ಇದೇ ಕಲಮಿನ ಮೊಕದ್ದಮೆಗಳಲ್ಲಿ ಸರ್ಕಾರಿ ವಕೀಲರಾಗಿದ್ದವರು.

ಹೊಸ ಸಂವಿಧಾನವಿತ್ತಲ್ಲ, ಅದೇನು ಮಾಡಿತು ಎಂದು ಕೇಳಬಹುದು. 1949ರ ಆ ಸಂವಿಧಾನದ ಮೊದಲ ಸಾಲೇ ಮನುಷ್ಯನ ಘನತೆಗೆ ಭಂಗ ಬರಕೂಡದು ಎನ್ನುತ್ತದೆ. ಅದನ್ನೇ ನಂಬಿ ಇಬ್ಬರು ಸಂವಿಧಾನ ನ್ಯಾಯಾಲಯದ ಮೊರೆಹೋದರು. ಅವರ ವಾದದಲ್ಲಿ ಮುಖ್ಯವಾಗಿ ಎರಡು ಎಳೆಗಳಿದ್ದವು. ಒಂದು, 1935ರ ರೂಪ ನಾಜಿ ಸಿದ್ಧಾಂತದ ಕೂಸು, ಅದು ನಿಲ್ಲಕೂಡದು. ಇನ್ನೊಂದು, ಹೆಂಗಸರನ್ನು ಬಿಟ್ಟು ಗಂಡಸರನ್ನು ಮಾತ್ರ ದಂಡಿಸುವುದು ಸಮಾನತೆಗೆ ವಿರುದ್ಧ. 1957ರಲ್ಲಿ ನ್ಯಾಯಾಲಯ ಎರಡನ್ನೂ ತಳ್ಳಿಹಾಕಿತು. ತಿದ್ದುಪಡಿಯ ಮೇಲೆ ನಾಜಿ ಛಾಯೆ ಪ್ರಜಾಪ್ರಭುತ್ವಕ್ಕೆ ನಿಷಿದ್ಧವಾಗುವಷ್ಟು ಇಲ್ಲವೆಂದಿತು. ಹೆಣ್ಣಿನ ಮತ್ತು ಗಂಡಿನ ಕಾಮ ದೇಹರಚನೆಯಿಂದಲೇ ಬೇರೆ, ಹಾಗಾಗಿ ಹೋಲಿಸುವಂತಿಲ್ಲ ಎಂದು ತಜ್ಞರನ್ನು ಕರೆಸಿ ಪುಟಗಟ್ಟಲೆ ಬರೆಯಿತು. ಸಲಿಂಗ ಸಂಬಂಧ ನೈತಿಕ ನಿಯಮವನ್ನು ಮುರಿಯುತ್ತದೆ ಎನ್ನಲು ಕ್ರೈಸ್ತ ಚರ್ಚುಗಳ ಬೋಧನೆಯನ್ನು ಆಧಾರವಾಗಿ ಕೊಟ್ಟಿತು. ತೀರ್ಪು ಬಂದ ದಿನ ಮೇ 10. ಹಿರ್ಷ್‌ಫೆಲ್ಡರ ಪುಸ್ತಕಗಳು ಉರಿದ ತಾರೀಖು. ಯಾರೂ ಬೇಕೆಂದು ಆರಿಸಿದ್ದಲ್ಲ. ಆದರೂ ಓದಿದಾಗ ಮೈ ಜುಮ್ಮೆನ್ನುತ್ತದೆ.

ಯುದ್ಧ ಮುಗಿದಂದಿನಿಂದ 1969ರವರೆಗೆ ಪಶ್ಚಿಮ ಜರ್ಮನಿಯಲ್ಲಿ ಒಟ್ಟು ಸುಮಾರು 50,000 ಶಿಕ್ಷೆಗಳಾದವು. ನಾಜಿ ಕಾಲದ ಅಂಕಿಯ ಪಕ್ಕ ಇದನ್ನಿಟ್ಟು ನೋಡಿ. ವ್ಯತ್ಯಾಸವಿತ್ತು ನಿಜ, ಈಗ ಜೈಲು ಮುಗಿದ ಮೇಲೆ ಯಾತನಾ ಶಿಬಿರವಿರಲಿಲ್ಲ. ಆದರೆ ಪತ್ರಿಕೆಯಲ್ಲಿ ಹೆಸರು ಬಂದರೆ ಅಂದಿಗೆ ನೌಕರಿ ಮುಗಿಯಿತು. ಜನ ಬಾಗಿಲಿಗೆ ಗಂಟೆ, ಇಣುಕುಕಿಂಡಿ ಇದ್ದ ಬಾರುಗಳಲ್ಲಿ ಸೇರುತ್ತಿದ್ದರು. ಗುರುತಿಲ್ಲದವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಸಮುದಾಯ ಎಂಬುದು ಆ ಕಿಂಡಿಯ ಒಳಗೆ ಇದ್ದಷ್ಟೇ ಜನ.

ಹೆಂಗಸರ ಮೇಲೆ ಕಲಂ ಇರಲಿಲ್ಲ, ಆದ್ದರಿಂದ ಅವರು ಹಾಯಾಗಿದ್ದರು ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಇದು ಅರ್ಧಸತ್ಯವೂ ಅಲ್ಲ. 1977ರವರೆಗೆ ಪಶ್ಚಿಮ ಜರ್ಮನಿಯ ಕೌಟುಂಬಿಕ ಕಾನೂನಿನಲ್ಲಿ ಮನೆಗೆಲಸ ಹೆಂಡತಿಯ ಹೊಣೆ. ಅದಕ್ಕೆ ಅಡ್ಡಿಯಾಗದಿದ್ದರೆ ಮಾತ್ರ ಅವಳು ಹೊರಗೆ ದುಡಿಯಬಹುದಿತ್ತು. ವಿಚ್ಛೇದನದಲ್ಲಿ ತಪ್ಪು ಯಾರದೆಂದು ನ್ಯಾಯಾಲಯ ತೀರ್ಮಾನಿಸುತ್ತಿತ್ತು. ತಪ್ಪಿತಸ್ಥಳಾದ ಹೆಂಡತಿಗೆ ಜೀವನಾಂಶವಿಲ್ಲ. ಇನ್ನೊಬ್ಬ ಹೆಂಗಸನ್ನು ಪ್ರೀತಿಸಿ ಮನೆ ಬಿಟ್ಟವಳು ಕೈಯಲ್ಲಿ ಕಾಸಿಲ್ಲದೆ ಬೀದಿಗೆ ಬೀಳುತ್ತಿದ್ದಳು, ಮಕ್ಕಳನ್ನೂ ಕಳೆದುಕೊಳ್ಳುತ್ತಿದ್ದಳು. ಈ ಮಕ್ಕಳ ವಿಚಾರವನ್ನು ರೈನ್‌ಲಾಂಡ್-ಫಾಲ್ಜ್ ರಾಜ್ಯ ಅಧ್ಯಯನ ಮಾಡಿಸಿ, ತಾಯಂದಿರ ಕ್ಷಮೆ ಕೇಳಿದ್ದು 2021ರಲ್ಲಿ. ಗಂಡಸಿನ ಮೇಲೆ ಪೊಲೀಸರು ಮಾಡುತ್ತಿದ್ದ ಕೆಲಸವನ್ನು ಹೆಂಗಸಿನ ಮೇಲೆ ಕುಟುಂಬ ನ್ಯಾಯಾಲಯ ಮಾಡುತ್ತಿತ್ತು. ಅದಕ್ಕೆ ಅಪರಾಧ ಅಂಕಿಅಂಶಗಳಲ್ಲಿ ಲೆಕ್ಕ ಸಿಗುವುದಿಲ್ಲ, ಅಷ್ಟೇ.

ಗೋಡೆಯಾಚೆಯ ಪೂರ್ವ ಜರ್ಮನಿ ಕಾನೂನಿನ ಮಟ್ಟಿಗೆ ಮುಂದಿತ್ತು. 1950ರಲ್ಲೇ ಅಲ್ಲಿನ ನ್ಯಾಯಾಲಯ 175ನೇ ಕಲಮನ್ನು ನಾಜಿಪೂರ್ವ ರೂಪಕ್ಕೆ ಮರಳಿಸಿತು. 1950ರ ದಶಕದ ಕೊನೆಗೆ ವಯಸ್ಕರ ಮೇಲೆ ಮೊಕದ್ದಮೆ ಹೂಡುವುದು ಬಹುಮಟ್ಟಿಗೆ ನಿಂತಿತು. 1968ರ ಹೊಸ ದಂಡ ಸಂಹಿತೆಯಲ್ಲಿ ಕಲಂ ಇರಲೇ ಇಲ್ಲ. ಕಿರಿಯರ ವಿಷಯದಲ್ಲಿ ಮಾತ್ರ 151ನೇ ಕಲಂ ಉಳಿಯಿತು, 1989ರಲ್ಲಿ ಅದೂ ಹೋಯಿತು. ಆದರೆ ಕಾನೂನು ಬಿಟ್ಟರೂ ಆಡಳಿತ ಬಿಡಲಿಲ್ಲ. ಸ್ವಂತ ಸಂಘ, ಸ್ವಂತ ಪತ್ರಿಕೆ, ಸ್ವಂತ ಸಭಾಂಗಣ ಯಾವುದಕ್ಕೂ ಅಪ್ಪಣೆಯಿರಲಿಲ್ಲ. 1973ರಲ್ಲಿ ಪೂರ್ವ ಬರ್ಲಿನ್ನಿನಲ್ಲಿ ಒಂದು ಗುಂಪು ಹುಟ್ಟಿಕೊಂಡಿತು. ಅದಕ್ಕೆ ಆಸರೆ ಕೊಟ್ಟವರು ಶಾರ್ಲೊಟ್ಟೆ ಫಾನ್ ಮಾಲ್ಸ್‌ಡಾರ್ಫ್. ಗಂಡಾಗಿ ಹುಟ್ಟಿ ಹೆಣ್ಣುಡುಗೆಯಲ್ಲೇ ಬದುಕಿದ, ಹಳೆಯ ಪೀಠೋಪಕರಣಗಳ ವಸ್ತುಸಂಗ್ರಹಾಲಯ ನಡೆಸುತ್ತಿದ್ದವರು. ನಗರದ ಹಳೆಯ ಬಾರೊಂದು ಕೆಡವುವ ಪಟ್ಟಿಗೆ ಸೇರಿದಾಗ ಅದರ ಒಳಾಂಗಣವನ್ನೇ ಬಿಚ್ಚಿ ತಂದು ತಮ್ಮ ನೆಲಮಾಳಿಗೆಯಲ್ಲಿ ಜೋಡಿಸಿದ್ದರು. ಗುಂಪಿನ ಕೂಟಗಳು ನಡೆದದ್ದು ಅಲ್ಲಿ. 1978ರಲ್ಲಿ ಹೆಂಗಸರು ಅಲ್ಲೊಂದು ದೊಡ್ಡ ಸಭೆಗೆ ಸಿದ್ಧತೆ ನಡೆಸಿದಾಗ ಅಧಿಕಾರಿಗಳು ತಡೆದರು.

ಆಮೇಲೆ ಆಸರೆ ಸಿಕ್ಕಿದ್ದು ಚರ್ಚಿನ ಚಾವಡಿಗಳಲ್ಲಿ. ಸರ್ಕಾರದ ಹಿಡಿತ ಸಡಿಲವಿದ್ದದ್ದು ಅಲ್ಲಿ ಮಾತ್ರ. 1957ರ ತೀರ್ಪಿನಲ್ಲಿ ಸಲಿಂಗಿಗಳ ವಿರುದ್ಧ ಸಾಕ್ಷಿಯಾಗಿದ್ದ ಅದೇ ಪ್ರಾಟೆಸ್ಟೆಂಟ್ ಚರ್ಚು 1980ರ ದಶಕದಲ್ಲಿ ಪೂರ್ವ ಜರ್ಮನಿಯಲ್ಲಿ ಅವರಿಗೆ ಸೂರು ಕೊಟ್ಟಿತು ಎಂಬ ಈ ವಿಪರ್ಯಾಸ ನನಗೆ ಬಹಳ ಹಿಡಿಸುತ್ತದೆ. ಬರ್ಲಿನ್ನಿನಲ್ಲಿ ಹೀಗೆ ಸೇರಿದ ಹೆಂಗಸರ ಗುಂಪೊಂದು ಹೆಣ್ಣು ಕೈದಿಗಳ ಶಿಬಿರವಾಗಿದ್ದ ರಾವೆನ್ಸ್‌ಬ್ರುಕ್ ಸ್ಮಾರಕಕ್ಕೆ 1984ರಲ್ಲಿ ಹೋಗಿ, ಅಲ್ಲಿ ನರಳಿದ ಸಲಿಂಗಿ ಹೆಂಗಸರ ನೆನಪಿಗೆಂದು ಹೂಮಾಲೆ ಇಟ್ಟುಬಂದಿತು. ಮಾಲೆಯನ್ನು ಎತ್ತಿಹಾಕಲಾಯಿತು. ಮರುವರ್ಷ ಮತ್ತೆ ಹೊರಟಾಗ ಪೊಲೀಸರು ದಾರಿಯಲ್ಲೇ ಹಿಡಿದು ವಾಪಸು ಕಳಿಸಿದರು. ಕಮ್ಯುನಿಸ್ಟ್ ಸರ್ಕಾರ ಹೋಗಿ ಮೂರು ದಶಕ ಕಳೆದ ಮೇಲೆ, ಪರ-ವಿರೋಧದ ದೀರ್ಘ ಜಗ್ಗಾಟ ಮುಗಿದು, 2022ರಲ್ಲಿ ಅಲ್ಲಿ ಅವರಿಗಾಗಿ ಒಂದು ಗೋಳಾಕಾರದ ಸ್ಮಾರಕ ಬಂತು.

ಪಶ್ಚಿಮಕ್ಕೆ ಮರಳೋಣ. 1969ರ ಸುಧಾರಣೆ 21 ವರ್ಷ ದಾಟಿದ ಗಂಡಸರ ಮಟ್ಟಿಗೆ ಕಲಮನ್ನು ಸಡಿಲಿಸಿತು; 1973ರಲ್ಲಿ ವಯಸ್ಸು 18ಕ್ಕೆ ಇಳಿಯಿತು. 1969ರ ಸುಧಾರಣೆ ಬೀದಿ ಹೋರಾಟದ ಫಲವಲ್ಲ, ಕಾನೂನು ಪಂಡಿತರ ಕೆಲಸ. ಹೋರಾಟ ಹುಟ್ಟಿದ್ದು ಆಮೇಲೆ. 1971ರಲ್ಲಿ ರೋಸಾ ಫಾನ್ ಪ್ರೌನ್‌ಹೈಮ್ ಎಂಬ ನಿರ್ದೇಶಕರ ಚಿತ್ರವೊಂದು ಬರ್ಲಿನ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ವಿಕೃತವಾದದ್ದು ಸಲಿಂಗಿಯಲ್ಲ, ಅವನು ಬದುಕುವ ಪರಿಸ್ಥಿತಿ ಎಂಬುದೇ ಚಿತ್ರದ ಹೆಸರು. ಸ್ವಾರಸ್ಯವೆಂದರೆ ಚಿತ್ರ ಬೈದದ್ದು ಸರ್ಕಾರವನ್ನಲ್ಲ, ಸಲಿಂಗಿಗಳನ್ನೇ: ಮರ್ಯಾದಸ್ಥರೆನಿಸಿಕೊಳ್ಳಲು ಹಗಲೆಲ್ಲ ನಟಿಸುತ್ತೀರಿ, ರಾತ್ರಿ ಕದ್ದು ತಿರುಗುತ್ತೀರಿ, ಶೌಚಾಲಯಗಳಿಂದ ಹೊರಬಂದು ಬೀದಿಗಿಳಿಯಿರಿ ಎಂದು. ನೋಡಿದವರಿಗೆ ಸಿಟ್ಟು ಬಂತು, ಚರ್ಚೆ ಹತ್ತಿತು, ಅದೇ ಆಗಸ್ಟಿನಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಸಂಘಟನೆ ಹುಟ್ಟಿತು. ಮರುವರ್ಷ ಏಪ್ರಿಲಿನಲ್ಲಿ ಮ್ಯೂನ್‌ಸ್ಟರಿನಲ್ಲಿ ಮೊದಲ ಮೆರವಣಿಗೆ. ಟಿವಿ ಜಾಲ 1973ರಲ್ಲಿ ಚಿತ್ರವನ್ನು ದೇಶಕ್ಕೆಲ್ಲ ತೋರಿಸಿದಾಗ ಬವೇರಿಯಾ ರಾಜ್ಯದ ವಾಹಿನಿ ಪ್ರಸಾರದಿಂದ ಹೊರಗುಳಿಯಿತು. ಆದರೆ ಪೂರ್ವದವರು ಗೋಡೆಯಾಚೆಯಿಂದ ಆಂಟೆನಾ ತಿರುಗಿಸಿ ನೋಡಿದರು. ಅಲ್ಲಿನ ಗುಂಪಿಗೆ ಕಿಡಿ ಹತ್ತಿದ್ದು ಹೀಗೆ.

ಇದೇ ಯುವಕರು ಗುಲಾಬಿ ತ್ರಿಕೋನವನ್ನು ಎದೆಗೆ ಅಂಟಿಸಿಕೊಂಡು ಓಡಾಡತೊಡಗಿದರು. ಶಿಬಿರಗಳಿಂದ ಬದುಕಿ ಬಂದ ಹಿರಿಯರಲ್ಲಿ ಹೆಚ್ಚಿನವರು ಬಾಯಿಬಿಟ್ಟಿರಲಿಲ್ಲ. ಬಿಟ್ಟರೆ ಮತ್ತೆ ಜೈಲು. ಅವರು ಬಚ್ಚಿಟ್ಟ ಗುರುತನ್ನು ಇವರು ಬೀದಿಗೆ ತಂದರು. ಹೆಂಗಸರು ಬೇಗನೇ ಬೇರೆಯಾಗಿ ತಮ್ಮದೇ ಕೇಂದ್ರ ಕಟ್ಟಿಕೊಂಡರು, ಗಂಡಸರ ಸಭೆಗಳಲ್ಲಿ ತಮ್ಮ ಮಾತಿಗೆ ಬೆಲೆಯಿಲ್ಲವೆಂದು. ಅದು ಸರಿಯಾದ ದೂರೇ ಆಗಿತ್ತು.

ಕಲಂ ಸಡಿಲವಾದರೂ ಪೊಲೀಸರ ಚಾಳಿ ಹೋಗಿರಲಿಲ್ಲ. ಹ್ಯಾಂಬರ್ಗಿನ ಸಾರ್ವಜನಿಕ ಶೌಚಾಲಯಗಳ ಗೋಡೆಯ ಕನ್ನಡಿಗಳು ಒಂದು ಬದಿಯಿಂದ ಮಾತ್ರ ಕನ್ನಡಿ. ಇನ್ನೊಂದು ಬದಿಯ ಕತ್ತಲಕೋಣೆಯಲ್ಲಿ ಕೂತ ಪೊಲೀಸನಿಗೆ ಅದು ಕಿಟಕಿ. 1980ರಲ್ಲಿ ರಂಗಕರ್ಮಿ ಕಾರ್ನಿ ಲಿಟ್‌ಮನ್ ನಗರದ ನಡುಮಧ್ಯದ ಶೌಚಾಲಯಕ್ಕೆ ಹೋಗಿ ಎಲ್ಲರೆದುರು ಅಂಥ ಕನ್ನಡಿಯೊಂದನ್ನು ಒಡೆದುಹಾಕಿದರು. ಹಿಂದಿನ ಕೋಣೆ ಬಯಲಾಯಿತು. ದೊಡ್ಡ ಗದ್ದಲವಾಗಿ ನಗರಾಡಳಿತ ಕನ್ನಡಿಗಳನ್ನೆಲ್ಲ ತೆಗೆಸಬೇಕಾಯಿತು. ಇದೇ ಲಿಟ್‌ಮನ್ ಮುಂದೆ ಅದೇ ಊರಿನ ಸೇಂಟ್ ಪೌಲಿ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರಾಗಿ ವರ್ಷಗಟ್ಟಲೆ ಇದ್ದರು. ಕಾನೂನು ಪುಸ್ತಕಕ್ಕಿಂತ ಈ ಒಂದು ಸಂಗತಿ ಸಮಾಜ ಎಷ್ಟು ಹೊರಳಿತೆಂದು ಚೆನ್ನಾಗಿ ಹೇಳುತ್ತದೆ.

ಏಡ್ಸ್ ಬಂದಾಗ ಎಲ್ಲವೂ ಹಿಂದಕ್ಕೆ ಹೋಗುವ ಲಕ್ಷಣವಿತ್ತು. 1987ರಲ್ಲಿ ಬವೇರಿಯಾ ಕಡ್ಡಾಯ ಪರೀಕ್ಷೆಯಂಥ ಕಠಿಣ ಕ್ರಮಗಳ ದಾರಿ ಹಿಡಿಯಿತು. ಅದೇ ಬಲಪಂಥೀಯ ಕೂಟದ ಕೇಂದ್ರ ಆರೋಗ್ಯ ಸಚಿವೆ ರೀಟಾ ಜ್ಯೂಸ್‌ಮುತ್ ಇದಕ್ಕೆ ಒಪ್ಪಲಿಲ್ಲ. ರೋಗದ ವಿರುದ್ಧ ಹೋರಾಡೋಣ, ರೋಗಿಗಳ ವಿರುದ್ಧವಲ್ಲ ಎಂಬುದು ಅವರ ನಿಲುವು. 1983ರಲ್ಲಿ ಸಮುದಾಯದವರೇ ಕಟ್ಟಿದ್ದ ಏಡ್ಸ್ ನೆರವು ಸಂಘಗಳಿಗೆ ಸರ್ಕಾರದ ಹಣ ಹರಿಯಿತು. ಹಿಂದೆ ಪೊಲೀಸರ ಪಟ್ಟಿಯಲ್ಲಿದ್ದವರು ಆರೋಗ್ಯ ಇಲಾಖೆಯ ಪಾಲುದಾರರಾದರು.

1989ರ ನವೆಂಬರ್ 9ರ ಸಂಜೆ ಪೂರ್ವ ಬರ್ಲಿನ್ನಿನ ಚಿತ್ರಮಂದಿರವೊಂದರಲ್ಲಿ ಆ ದೇಶ ತಯಾರಿಸಿದ ಮೊದಲ ಸಲಿಂಗ ಪ್ರೇಮದ ಕಥಾಚಿತ್ರ ತೆರೆಕಂಡಿತು. ನೋಡಿ ಹೊರಬರುವಷ್ಟರಲ್ಲಿ ಗೋಡೆ ಬಿದ್ದಿತ್ತು! ಮರುವರ್ಷ ಎರಡು ಜರ್ಮನಿಗಳು ಒಂದಾದಾಗ ಒಂದು ವಿಚಿತ್ರ ತೊಡಕು ಹುಟ್ಟಿತು. ಪಶ್ಚಿಮದಲ್ಲಿ 175ನೇ ಕಲಂ ಇನ್ನೂ ಇತ್ತು, ಪೂರ್ವದಲ್ಲಿ ಇರಲಿಲ್ಲ. ಪೂರ್ವದವರಿಗೆ ಅದನ್ನು ಹೊಸದಾಗಿ ಹೇರಲಾಗದು ಎಂದು ಏಕೀಕರಣ ಒಪ್ಪಂದದಲ್ಲಿ ಅದನ್ನು ಹೊರಗಿಟ್ಟರು. ಹೀಗಾಗಿ ನಾಲ್ಕು ವರ್ಷ ಒಂದೇ ದೇಶದಲ್ಲಿ, ಒಂದೇ ಬರ್ಲಿನ್ ನಗರದಲ್ಲಿ, ಗೋಡೆಯಿದ್ದ ಜಾಗದ ಈಚೆಗೆ ಒಂದು ಕಾನೂನು, ಆಚೆಗೆ ಇನ್ನೊಂದು. ಎರಡನ್ನೂ ಸರಿಹೊಂದಿಸಬೇಕಾದ ಅನಿವಾರ್ಯತೆಯಲ್ಲಿ, 1994ರ ಜೂನ್ 11ರಿಂದ, ಕಲಂ ಕೊನೆಗೂ ಇಲ್ಲವಾಯಿತು. ಗೋಡೆ ಬೀಳದಿದ್ದರೆ ಇನ್ನೆಷ್ಟು ವರ್ಷ ಎಳೆಯುತ್ತಿತ್ತೋ.

ಲಿಂಗತ್ವ ಅಲ್ಪಸಂಖ್ಯಾತರ ಕಥೆ ಬೇರೆಯೇ ಹಳಿಯ ಮೇಲೆ ಸಾಗಿತು. 1981ರಲ್ಲಿ ಜಾರಿಗೆ ಬಂದ ಕಾನೂನು ಲಿಂಗ ಬದಲಾವಣೆಯನ್ನು ದಾಖಲಿಸಲು ಒಪ್ಪಿತು. ಆದರೆ ಶಸ್ತ್ರಚಿಕಿತ್ಸೆಯಾಗಿರಬೇಕು, ಸಂತಾನಶಕ್ತಿ ಕಳೆದುಕೊಂಡಿರಬೇಕು, ಮದುವೆಯಾಗಿದ್ದರೆ ಮುರಿದುಕೊಳ್ಳಬೇಕು. ಮದುವೆಯ ಷರತ್ತು 2008ರಲ್ಲಿ, ಉಳಿದೆರಡು 2011ರಲ್ಲಿ ಬಿದ್ದವು. ಬೀಳಿಸಿದ್ದು 1957ರಲ್ಲಿ ಬೆನ್ನು ತಿರುಗಿಸಿದ್ದ ಅದೇ ಸಂವಿಧಾನ ನ್ಯಾಯಾಲಯ. 2024ರ ನವೆಂಬರಿನಿಂದ ನೋಂದಣಿ ಕಚೇರಿಯಲ್ಲಿ ಘೋಷಣೆ ಕೊಟ್ಟರೆ ಸಾಕು.

ಹಳೆಯ ಶಿಕ್ಷೆಗಳನ್ನು ಅಳಿಸುವ ಕೆಲಸ ಇನ್ನೂ ನಿಧಾನ. ನಾಜಿ ಕಾಲದ ತೀರ್ಪುಗಳು ರದ್ದಾದದ್ದು 2002ರಲ್ಲಿ. ಅದೇ ಕಲಮಿನಡಿ 1945ರ ನಂತರ ಆದ ತೀರ್ಪುಗಳಿಗೆ 2017ರವರೆಗೆ ಕಾಯಬೇಕಾಯಿತು. ಪ್ರಜಾಪ್ರಭುತ್ವದ ನ್ಯಾಯಾಲಯ ಕೊಟ್ಟದ್ದನ್ನು ಸಂಸತ್ತು ರದ್ದು ಮಾಡಬಹುದೇ ಎಂಬ ಪ್ರಶ್ನೆ ಅಡ್ಡಬಂದಿತ್ತು. ಪರಿಹಾರ ಒಂದು ಶಿಕ್ಷೆಗೆ 3,000 ಯೂರೋ, ಜೈಲಿನಲ್ಲಿ ಕಳೆದ ಪ್ರತಿ ವರ್ಷಕ್ಕೆ 1,500. ಅರ್ಜಿ ಹಾಕಿದವರು ಕೆಲವೇ ನೂರು. ಬಹುಪಾಲು ಜನ ತೀರಿಹೋಗಿದ್ದರು. ಬದುಕಿದ್ದವರಲ್ಲಿ ಎಷ್ಟೋ ಮಂದಿಗೆ ಮಕ್ಕಳು ಮೊಮ್ಮಕ್ಕಳ ಮುಂದೆ ಆ ಕಾಗದ ತೆರೆಯುವುದು ಬೇಡವಾಗಿತ್ತು. ಜೊತೆಗೆ ಕೊನೆಗಳಿಗೆಯಲ್ಲಿ ಒಂದು ಕೊಕ್ಕೆ ಸೇರಿತು: ಸಂಗಾತಿ 16 ತುಂಬದವನಾಗಿದ್ದರೆ ಪರಿಹಾರವಿಲ್ಲ. ಗಂಡು-ಹೆಣ್ಣಿನ ವಿಷಯದಲ್ಲಿ ಆ ದೇಶದ ಸಾಮಾನ್ಯ ಗೆರೆ 14. ತಾರತಮ್ಯಕ್ಕೆ ಪರಿಹಾರ ಕೊಡುವ ಕಾನೂನಿನಲ್ಲೇ ತಾರತಮ್ಯ ಉಳಿದದ್ದು ಹೀಗೆ.

ಅದೇ ವರ್ಷ ಜೂನ್ 30ರಂದು ಸಂಸತ್ತು 393-226 ಮತಗಳಿಂದ ಸಲಿಂಗ ಮದುವೆಗೆ ಒಪ್ಪಿಗೆ ಕೊಟ್ಟಿತು. ಆತ್ಮಸಾಕ್ಷಿಗೆ ಬಿಟ್ಟದ್ದು ಎಂದು ಮತದಾನದ ಬಾಗಿಲು ತೆರೆದ ಚಾನ್ಸಲರ್ ಮರ್ಕೆಲ್ ತಾವು ಮಾತ್ರ ವಿರುದ್ಧ ಮತ ಹಾಕಿದರು. ಅಕ್ಟೋಬರ್ 1ರಂದು, ಭಾನುವಾರವಾದರೂ, ಬರ್ಲಿನ್ನಿನ ಶೋನೆಬರ್ಗ್ ಪುರಭವನದಲ್ಲಿ ಮೊದಲ ಜೋಡಿಯ ಮದುವೆಯಾಯಿತು. ಕಚೇರಿಯ ಕಂಪ್ಯೂಟರಿಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಅದರ ನಮೂನೆಯಲ್ಲಿ ಒಬ್ಬರು ಗಂಡ, ಇನ್ನೊಬ್ಬರು ಹೆಂಡತಿ ಎಂದೇ ನಮೂದಾಗಬೇಕಿತ್ತು. ಜರ್ಮನಿಯಲ್ಲಿ ನೆಲೆಸಿ ಹೀಗೆ ಮದುವೆಯಾದ ಕನ್ನಡಿಗರ ಪಾಲಿಗೂ ಕಾಗದದ ತೊಡಕು ತಪ್ಪಿದ್ದಲ್ಲ: ಅಲ್ಲಿ ಅವರು ದಂಪತಿ, ಬೆಂಗಳೂರಿನಲ್ಲಿ ವಿಮಾನ ಇಳಿದರೆ ಕಾನೂನಿನ ಕಣ್ಣಿಗೆ ಅಪರಿಚಿತರು. ನಮ್ಮ ಸುಪ್ರೀಂ ಕೋರ್ಟು 377ನೇ ಕಲಮಿನ ಹಲ್ಲು ಕಿತ್ತದ್ದು 2018ರಲ್ಲಿ. ಮದುವೆಯ ಹಕ್ಕು ಕೊಡಲು 2023ರಲ್ಲಿ ಒಪ್ಪಲಿಲ್ಲ.

ಸಮುದಾಯದ ಒಳಗೆ ಎಲ್ಲರಿಗೂ ಒಂದೇ ಮಣೆ ಹಾಕಿದರು ಎನ್ನುವಂತಿಲ್ಲ. 1984ರಲ್ಲಿ ಬರ್ಲಿನ್ನಿಗೆ ಪಾಠ ಹೇಳಲು ಬಂದ ಅಮೆರಿಕದ ಕಪ್ಪು ಕವಯಿತ್ರಿ ಆಡ್ರೆ ಲಾರ್ಡ್ ಅಲ್ಲಿನ ಕಪ್ಪು ಹೆಂಗಸರನ್ನು ಒಂದುಗೂಡಿಸಿದಾಗ, ಬಿಳಿಯರ ಸ್ತ್ರೀವಾದಿ ವಲಯಗಳಿಗೆ ಅದು ಇರಿಸುಮುರಿಸೇ ಆಯಿತು. ಟರ್ಕಿ ಮೂಲದ ಸಲಿಂಗಿಗಳು 1990ರ ದಶಕದಲ್ಲಿ ಬರ್ಲಿನ್ನಿನ ಕ್ರೊಯ್ಜ್‌ಬರ್ಗ್ ಬಡಾವಣೆಯ ಸಭಾಂಗಣವೊಂದರಲ್ಲಿ ತಮ್ಮದೇ ನೃತ್ಯರಾತ್ರಿಗಳನ್ನು ಶುರುಮಾಡಿದರು. ಅನಾಟೋಲಿಯಾದ ಹಾಡಿಗೆ ಕುಣಿಯುವ ಆ ಕೂಟಗಳು ದಶಕಗಳ ಕಾಲ ನಡೆದಿವೆ. 2010ರಲ್ಲಿ ಬರ್ಲಿನ್ ಮೆರವಣಿಗೆಯ ಸಂಘಟಕರು ಕೊಟ್ಟ ಪ್ರಶಸ್ತಿಯನ್ನು ಚಿಂತಕಿ ಜುಡಿತ್ ಬಟ್ಲರ್ ವೇದಿಕೆಯ ಮೇಲೆಯೇ ನಿರಾಕರಿಸಿದರು. ವಲಸಿಗರ ಬಗ್ಗೆ ಸಂಘಟಕರಲ್ಲಿ ಕೆಲವರ ಧೋರಣೆ ಅವರಿಗೆ ಒಪ್ಪಿಗೆಯಾಗಿರಲಿಲ್ಲ.

ಜರ್ಮನ್ ಸಂವಿಧಾನದ ಮೂರನೇ ವಿಧಿ ಯಾವ ಯಾವ ಕಾರಣಕ್ಕೆ ತಾರತಮ್ಯ ಮಾಡಕೂಡದು ಎಂದು ಪಟ್ಟಿ ಕೊಡುತ್ತದೆ: ಲಿಂಗ, ವಂಶ, ಜನಾಂಗ, ಭಾಷೆ, ನೆಲೆ, ಧರ್ಮ, ರಾಜಕೀಯ ನಿಲುವು. ನಾಜಿಗಳು ಬೇಟೆಯಾಡಿದವರನ್ನು ನೆನಪಿನಲ್ಲಿಟ್ಟುಕೊಂಡೇ 1949ರಲ್ಲಿ ಬರೆದ ಪಟ್ಟಿ ಅದು. ಕಲಂ 175 ಹೋದ 1994ರಲ್ಲೇ ಅದಕ್ಕೆ ಅಂಗವೈಕಲ್ಯವನ್ನು ಸೇರಿಸಿದರು. ಲೈಂಗಿಕ ಅಸ್ಮಿತೆಯನ್ನೂ ಸೇರಿಸಬೇಕೆಂಬ ಬೇಡಿಕೆ ಆಗಲೂ ಮುಂದಿತ್ತು. ಬೇಕಾದ ಮೂರನೇ ಎರಡರಷ್ಟು ಬೆಂಬಲ ಅದಕ್ಕೆ ಸಿಗಲಿಲ್ಲ.